ಕೌಂಟರ್ ಮುಂದೆ, ಕೌಂಟರ್ ಹಿಂದೆ: ಜಾರ್ಜಿಯಾದಲ್ಲೊಂದು ವಾರ

ಮಂಗಳವಾರ, ತ್ಬಿಲಿಸಿ

ವಿಮಾನ ನಿಲ್ದಾಣದಿಂದ ಜಾರ್ಜಿಯಾ ದೇಶದ ರಾಜಧಾನಿ ತ್ಬಿಲಿಸಿ ಊರೊಳಗೆ ಹೋಗುವ ರಸ್ತೆಗೆ ಅಮೆರಿಕದ ಹಳೇ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಹೆಸರಿಟ್ಟಿದ್ದಾರೆ. ಪಕ್ಕದಲ್ಲಿ ಅವರ ನಗುಮುಖದ ದೊಡ್ಡ ಚಿತ್ರ ಬೇರೆ. 2005ರ ಮೇ ತಿಂಗಳಲ್ಲಿ ಬುಷ್ ಇಲ್ಲಿಗೆ ಬಂದು ಫ್ರೀಡಂ ಸ್ಕ್ವೇರಿನಲ್ಲಿ ಭಾಷಣ ಮಾಡಿದ್ದರು. ಗುಂಪಿನಲ್ಲಿದ್ದ ಒಬ್ಬ ಅವರ ಕಡೆಗೆ ಗ್ರೆನೇಡ್ ಎಸೆದ, ಅದು ಸಿಡಿಯಲಿಲ್ಲ. ಆಗ ಜಾರ್ಜಿಯಾ ಅಂದರೆ ಅಮೆರಿಕಕ್ಕೂ ಯುರೋಪಿಗೂ ಮುದ್ದಿನ ಮಗು. ಈಗ 2025ರ ಮೇ ತಿಂಗಳು. ಚಿತ್ರ ಹಾಗೇ ಇದೆ, ಮುದ್ದು ಮುಗಿದಿದೆ.

ನಾನು ಇಲ್ಲಿಗೆ ಬಂದದ್ದು ತಂಗಿಯ ಮಗಳನ್ನು ನೋಡಲು. ಅವಳು ಇಲ್ಲಿ ಮೆಡಿಕಲ್ ಓದುತ್ತಿದ್ದಾಳೆ. ಕರ್ನಾಟಕದಿಂದ ಬಂದ ಮಕ್ಕಳು ಅವಳ ಕ್ಲಾಸಿನಲ್ಲೇ ಹಲವರಿದ್ದಾರೆ. ಹಾಸ್ಟೆಲ್ ಬಿಟ್ಟು ಮೂವರು ಹುಡುಗಿಯರು ಸೇರಿ ಒಂದು ಮನೆ ಬಾಡಿಗೆಗೆ ಹಿಡಿದಿದ್ದಾರೆ. ಮೇಲಿನ ಮಹಡಿಯಲ್ಲಿ ಮನೆ ಓನರ್ ಅಮ್ಮ ಮತ್ತು ಆಕೆಯ ಮಗಳು. ನನಗೆ ಕೆಳಗಡೆ ಒಂದು ರೂಮು ಬಿಟ್ಟುಕೊಟ್ಟರು.

"ಮಾವ, ನೀವು ರಿಟೈರ್ ಆದ್ಮೇಲೂ ಕಚೇರಿ ನೋಡಕ್ಕೇ ಬರ್ತೀರಲ್ಲ" ಅಂತ ಅವಳು ನಕ್ಕಳು. ಅದೂ ನಿಜವೇ. ಹಾಸನ ಜಿಲ್ಲೆಯ ತಾಲ್ಲೂಕು ಕಚೇರಿಗಳಲ್ಲಿ ಕೆಲಸ ಮಾಡಿ ಶಿರಸ್ತೇದಾರನಾಗಿ ನಿವೃತ್ತನಾದವನು ನಾನು. ಎಲ್ಲರೂ ಚರ್ಚು, ವೈನು, ಹಿಮದ ಬೆಟ್ಟ ನೋಡಲು ಬಂದರೆ ನನಗೆ ಇಲ್ಲಿನ ಸರ್ಕಾರಿ ಕಚೇರಿ ನೋಡುವ ಆಸೆ. ಇಲ್ಲಿನ ಕಚೇರಿಗಳ ಸುಧಾರಣೆ ಬಗ್ಗೆ ನಮ್ಮ ಟ್ರೈನಿಂಗುಗಳಲ್ಲಿ ಜಾಸ್ತಿ ಹೇಳುತ್ತಿದ್ದರು.

ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ದೊಡ್ಡದಾದ ದೇಶ ಇದು. ಜನಸಂಖ್ಯೆ ಸುಮಾರು 37 ಲಕ್ಷ. 1991ರಲ್ಲಿ ಸೋವಿಯತ್ ಒಕ್ಕೂಟದಿಂದ ಹೊರಬಂತು. ಆಮೇಲೆ ಅಂತರ್ಯುದ್ಧ, ಕರೆಂಟಿಲ್ಲದ ಚಳಿಗಾಲಗಳು, ಲಂಚದ ಆಡಳಿತ. 2003ರ ನವೆಂಬರಿನಲ್ಲಿ ಚುನಾವಣೆಯಲ್ಲಿ ಮೋಸ ಆಯಿತೆಂದು ಜನ ಬೀದಿಗಿಳಿದರು. ಗುಲಾಬಿ ಹಿಡಿದು ಸಂಸತ್ತಿಗೆ ನುಗ್ಗಿದರು. ಅಧ್ಯಕ್ಷ ಶೆವರ್ಡ್ನಾಡ್ಜೆ ರಾಜೀನಾಮೆ ಕೊಟ್ಟರು. ಅಮೆರಿಕದಲ್ಲಿ ಕಾನೂನು ಓದಿದ್ದ ಮಿಖೈಲ್ ಸಾಕಶ್ವಿಲಿ ಅಧ್ಯಕ್ಷರಾದರು. ಹೊರದೇಶಗಳ ದುಡ್ಡು ಜೋರಾಗಿ ಹರಿದದ್ದು ಆಗ.

ರಾತ್ರಿ ಊಟಕ್ಕೆ ಓನರ್ ಅಮ್ಮ ಮಣ್ಣಿನ ಕುಡಿಕೆಯಲ್ಲಿ ಲೋಬಿಯೊ ತಂದುಕೊಟ್ಟರು. ಹುರುಳಿಕಾಯಿ ಬೀಜವನ್ನು ಕೊತ್ತಂಬರಿ ಸೊಪ್ಪು, ಬೆಳ್ಳುಳ್ಳಿ ಹಾಕಿ ಬೇಯಿಸಿದ್ದು. ನಮ್ಮ ಊರಿನ ಅವರೆಕಾಳು ಸಾರಿಗೆ ಖಾರ ಮರೆತರೆ ಹೀಗೇ ಇರುತ್ತದೆ. ಎರಡು ಸಲ ಹಾಕಿಸಿಕೊಂಡೆ.

ಬುಧವಾರ, ತ್ಬಿಲಿಸಿ

ನನ್ನ ಸೊಸೆಯ ರೆಸಿಡೆನ್ಸ್ ಕಾರ್ಡ್ ನವೀಕರಿಸಬೇಕಿತ್ತು. ಓನರ್ ಅಮ್ಮನ ಮಗಳೂ ಜೊತೆಗೆ ಬಂದಳು. ಅವಳು ವಕೀಲೆ. ಬಡವರಿಗೆ ಪುಕ್ಕಟೆ ಕಾನೂನು ನೆರವು ಕೊಡುವ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ.

ಮ್ತ್ಕ್ವಾರಿ ನದಿಯ ದಂಡೆಯಲ್ಲಿದೆ ಪಬ್ಲಿಕ್ ಸರ್ವಿಸ್ ಹಾಲ್. 2012ರಲ್ಲಿ ತೆರೆದದ್ದು, ಇಟಲಿಯ ವಾಸ್ತುಶಿಲ್ಪಿ ಫುಕ್ಸಾಸ್ ದಂಪತಿಗಳ ವಿನ್ಯಾಸ. ಮೇಲೆ ಬಿಳಿ ಅಣಬೆಗಳು ಒತ್ತೊತ್ತಾಗಿ ಎದ್ದಂತೆ ಛಾವಣಿ, ಸುತ್ತ ಗಾಜು. ಪಾಸ್‌ಪೋರ್ಟ್, ಜನನ ಪತ್ರ, ಮದುವೆ ನೋಂದಣಿ, ಜಮೀನು ನೋಂದಣಿ, ಕಂಪನಿ ನೋಂದಣಿ, ಎಲ್ಲ ಒಂದೇ ಸೂರಿನಡಿ. ಬಾಗಿಲಲ್ಲೇ ಒಬ್ಬರು ಬಂದು ಏನು ಕೆಲಸ ಎಂದು ಕೇಳಿ ಟೋಕನ್ ಕೊಟ್ಟರು. ಕೆಲಸ ಬೇಗ ಆಗಬೇಕೆಂದರೆ ಜಾಸ್ತಿ ಶುಲ್ಕ ಕಟ್ಟಬಹುದು, ಅದಕ್ಕೂ ದರಪಟ್ಟಿ ಇದೆ, ರಸೀದಿ ಇದೆ. ನನಗೆ ಇಷ್ಟವಾದದ್ದು ಈ ಭಾಗ. ಅರ್ಜೆಂಟಿಗೆ ಜನ ಹೇಗೂ ದುಡ್ಡು ಕೊಡುತ್ತಾರೆ. ಅದು ಗುಮಾಸ್ತನ ಜೇಬಿಗೆ ಹೋಗುವ ಬದಲು ಖಜಾನೆಗೇ ಹೋಗಲಿ ಅಂತ ಯಾರೋ ಚೆನ್ನಾಗಿ ಯೋಚನೆ ಮಾಡಿದ್ದಾರೆ.

ನಮ್ಮಲ್ಲಿ ಭೂಮಿ ಯೋಜನೆ ಬಂದಾಗ ನಾನು ಕಚೇರಿಯಲ್ಲೇ ಇದ್ದೆ. ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಹೋದವು. ಕೈಬರಹದ ಪಹಣಿ ನಿಂತಿತು. 15 ರೂಪಾಯಿ ಕೊಟ್ಟು ಕಿಟಕಿಯಲ್ಲಿ ಪಹಣಿ ತೆಗೆದುಕೊಂಡ ರೈತನ ಮುಖ ಇನ್ನೂ ನೆನಪಿದೆ. ಆದರೆ ಪಹಣಿ ತೆಗೆಯುವುದು ಬೇರೆ, ಖಾತೆ ಬದಲಾವಣೆ ಬೇರೆ. ಕಿಟಕಿಯ ಮುಂದಿನ ಕೆಲಸ ಸುಲಭವಾಯಿತು. ಹಿಂದೆ ಕಡತ ಯಾರ ಟೇಬಲ್ ಮೇಲೆ ಮಲಗುತ್ತದೆ ಅನ್ನುವುದು ಬಹಳ ದಿನ ಹಳೇ ರೀತಿಯಲ್ಲೇ ನಡೆಯಿತು. ಇಲ್ಲೂ ಅದನ್ನೇ ನೋಡಬೇಕು ಅನ್ನಿಸಿತು.

ಇಲ್ಲಿನ ಜಮೀನು ದಾಖಲೆ ಸರಿಪಡಿಸಲು ಜರ್ಮನಿ, ಸ್ವೀಡನ್, ಅಮೆರಿಕ, ವಿಶ್ವಬ್ಯಾಂಕ್ ಎಲ್ಲ ದುಡ್ಡು ಹಾಕಿವೆ. ಅದಕ್ಕಿಂತ ವಿಚಿತ್ರ ಇನ್ನೊಂದಿದೆ. 2004ರಲ್ಲಿ ಹೊಸ ಸರ್ಕಾರದ ಹತ್ತಿರ ಸಂಬಳಕ್ಕೇ ಕಾಸಿರಲಿಲ್ಲ. ಸಂಬಳ ಇಲ್ಲದಿದ್ದರೆ ಲಂಚ ನಿಲ್ಲುವುದಿಲ್ಲ. ಆಗ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಮತ್ತು ಅಮೆರಿಕದ ಶ್ರೀಮಂತ ಜಾರ್ಜ್ ಸೊರೊಸ್ ಅವರ ಪ್ರತಿಷ್ಠಾನ ಸೇರಿ ಒಂದು ನಿಧಿ ಮಾಡಿದವು. ಸಚಿವರು, ದೊಡ್ಡ ಅಧಿಕಾರಿಗಳ ಸಂಬಳಕ್ಕೆ ಅದರಿಂದ ದುಡ್ಡು ಸೇರಿಸಿ ಕೊಟ್ಟರು. ಹೊರಗಿನವರ ದುಡ್ಡಿನಲ್ಲಿ ಮಂತ್ರಿಗೆ ಸಂಬಳ! ನಮ್ಮ ಯೂನಿಯನ್‌ನವರು ಕೇಳಿದ್ದರೆ ಧರಣಿ ಕೂರುತ್ತಿದ್ದರು.

ಅದೇ ವರ್ಷ ಟ್ರಾಫಿಕ್ ಪೊಲೀಸ್ ಇಲಾಖೆಯನ್ನೇ ವಜಾ ಮಾಡಿದರು. ಸುಮಾರು 15 ಸಾವಿರ ಜನ ಮನೆಗೆ. ಹೊಸಬರನ್ನು ಪರೀಕ್ಷೆ ಮಾಡಿ ತೆಗೆದುಕೊಂಡು ಸಂಬಳ ಹತ್ತು ಪಟ್ಟು ಏರಿಸಿದರು. ಪೊಲೀಸ್ ಠಾಣೆಗಳನ್ನು ಗಾಜಿನಲ್ಲಿ ಕಟ್ಟಿದರು, ಒಳಗೆ ಏನು ನಡೆಯುತ್ತದೆ ಎಂದು ರಸ್ತೆಗೆ ಕಾಣಲಿ ಅಂತ. ತೆರಿಗೆಗಳು ಇಪ್ಪತ್ತಕ್ಕೂ ಹೆಚ್ಚು ಇದ್ದವು, ಆರಕ್ಕೆ ಇಳಿದವು. ವ್ಯಾಪಾರ ಮಾಡುವುದು ಎಷ್ಟು ಸುಲಭ ಎಂದು ವಿಶ್ವಬ್ಯಾಂಕ್ ಮಾಡುತ್ತಿದ್ದ ಪಟ್ಟಿಯಲ್ಲಿ ಜಾರ್ಜಿಯಾ 112ನೇ ಸ್ಥಾನದಿಂದ ಒಂದೇ ವರ್ಷದಲ್ಲಿ 37ಕ್ಕೆ ಹಾರಿತು, ಕೊನೆಗೆ 2020ರ ಪಟ್ಟಿಯಲ್ಲಿ 7ನೇ ಸ್ಥಾನ. ಆ ಪಟ್ಟಿಯ ಲೆಕ್ಕದಲ್ಲೇ ಎಡವಟ್ಟು ಸಿಕ್ಕಿ 2021ರಲ್ಲಿ ವಿಶ್ವಬ್ಯಾಂಕ್ ಅದನ್ನು ಮುಚ್ಚಿತು, ಅದು ಬೇರೆ ಕಥೆ.

ಸೊಸೆಯ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯಿತು. ನಾನು ಬಾಯಿತುಂಬ ಹೊಗಳಿದೆ. ವಕೀಲೆ ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಹೇಳಿದಳು: "ಇಲ್ಲಿ ನಾನೂ ಖುಷಿಯಾಗೇ ಬರ್ತೀನಿ. ನೀವು ಒಂದು ದಿನ ಕೋರ್ಟಿಗೆ ಬನ್ನಿ."

ಗುರುವಾರ, ತ್ಸೆರೋವಾನಿ ಮತ್ತು ಗೋರಿ

ಸೊಸೆಗೆ ಕ್ಲಾಸಿತ್ತು. ನಾನು ಒಂದು ಕಾರು ಗೊತ್ತು ಮಾಡಿಕೊಂಡು ಪಶ್ಚಿಮಕ್ಕೆ ಹೊರಟೆ. ಚಾಲಕರಿಗೆ ಅರವತ್ತರ ಆಸುಪಾಸು, ಮೊದಲು ಶಾಲೆಯಲ್ಲಿ ಫಿಸಿಕ್ಸ್ ಮೇಷ್ಟ್ರಾಗಿದ್ದವರು. ನಾನು ಅವರನ್ನು ಮೇಷ್ಟ್ರೇ ಅಂತಲೇ ಕರೆದೆ, ಅದೇನೆಂದು ತಿಳಿದ ಮೇಲೆ ಅವರಿಗೂ ಖುಷಿಯಾಯಿತು. ಇಂಡಿಯಾದವನು ಎಂದ ಕೂಡಲೇ ಅವರು ಕೇಳಿದ್ದು ರಾಣಿ ಕೆಟೆವಾನ್ ವಿಷಯ. 17ನೇ ಶತಮಾನದಲ್ಲಿ ಮತ ಬಿಡಲೊಪ್ಪದೆ ಪರ್ಷಿಯಾದಲ್ಲಿ ಸತ್ತ ಜಾರ್ಜಿಯಾದ ರಾಣಿ ಆಕೆ. ಆಕೆಯ ಅಸ್ಥಿ ಹಳೇ ಗೋವಾದ ಚರ್ಚಿನ ಅವಶೇಷದಲ್ಲಿ ಸಿಕ್ಕಿತ್ತು. 2021ರಲ್ಲಿ ವಿದೇಶಾಂಗ ಸಚಿವ ಜೈಶಂಕರ್ ಖುದ್ದಾಗಿ ತಂದು ಇಲ್ಲಿಗೆ ಒಪ್ಪಿಸಿದರು. ಅದೊಂದೇ ಕಾರಣಕ್ಕೆ ಮೇಷ್ಟ್ರು ನನಗೆ ದಾರಿಯಲ್ಲಿ ಕಾಫಿ ಕುಡಿಸಿದರು.

ಮ್ತ್ಸ್ಖೇತಾದ ಹಳೇ ಚರ್ಚುಗಳನ್ನು ಬೇಗ ನೋಡಿ ಮುಗಿಸಿದೆವು. ಸುಂದರವಾಗಿವೆ, ಎಲ್ಲರೂ ಬರೆದಿದ್ದಾರೆ. ಹೆದ್ದಾರಿ ಪಕ್ಕದ ತ್ಸೆರೋವಾನಿ ಬಗ್ಗೆ ಬರೆದವರು ಕಡಿಮೆ. ಕೆಂಪು ಚಾವಣಿಯ ಒಂದೇ ಅಳತೆಯ ಸಣ್ಣ ಮನೆಗಳು, ಸಾಲು ಸಾಲು, ಸುಮಾರು 2 ಸಾವಿರ. 2008ರ ಆಗಸ್ಟ್‌ನಲ್ಲಿ ರಷ್ಯಾ ಜೊತೆ ಐದು ದಿನದ ಯುದ್ಧ ನಡೆಯಿತು. ರಷ್ಯಾ ಬೆಂಬಲದಲ್ಲಿ ಜಾರ್ಜಿಯಾದಿಂದ ಬೇರೆಯಾಗಿ ನಿಂತ ದಕ್ಷಿಣ ಒಸ್ಸೆಟಿಯಾ ಕಡೆಯಿಂದ ಓಡಿಬಂದವರಿಗೆ ಆ ಚಳಿಗಾಲ ಬರುವಷ್ಟರಲ್ಲಿ ಕಟ್ಟಿದ ಮನೆಗಳಿವು. ಅಕ್ಟೋಬರ್ 22ರಂದು ಬ್ರಸೆಲ್ಸ್‌ನಲ್ಲಿ ದಾನಿ ದೇಶಗಳ ಸಭೆ ಸೇರಿ ಜಾರ್ಜಿಯಾಕ್ಕೆ 450 ಕೋಟಿ ಡಾಲರ್ ಕೊಡುವುದಾಗಿ ಹೇಳಿದವು. ಅದರಲ್ಲಿ 100 ಕೋಟಿ ಅಮೆರಿಕದ್ದೇ.

ಈಗ ಮನೆಗಳ ಮುಂದೆ ದ್ರಾಕ್ಷಿ ಚಪ್ಪರ ಬೆಳೆದಿದೆ. ಕೆಲವರು ಎರಡು ಕೋಣೆಗೆ ಮೂರನೆಯದನ್ನು ಸೇರಿಸಿದ್ದಾರೆ. ಅಂಗಡಿಯ ಹೆಂಗಸೊಬ್ಬಳು ಮೇಷ್ಟ್ರ ಮೂಲಕ ಹೇಳಿದಳು: ಮನೆ ಕೊಟ್ಟರು, ಕೆಲಸ ಕೊಡಲಿಲ್ಲ. ಹಿಂದೆ ಬಿಟ್ಟುಬಂದ ಹೊಲ ನಕ್ಷೆಯಲ್ಲಿ ಇಲ್ಲಿಂದ ದೂರವೇನಲ್ಲ, ಆದರೆ ಹೋಗುವಂತಿಲ್ಲ.

ಗೋರಿಗೆ ಹೋಗುವ ಹೆದ್ದಾರಿಯಿಂದ ಒಸ್ಸೆಟಿಯಾ ಗಡಿರೇಖೆ ಒಂದು ಕಡೆ ತೀರಾ ಹತ್ತಿರ. ರಷ್ಯನ್ನರು ರಾತ್ರೋರಾತ್ರಿ ಬೋರ್ಡು, ತಂತಿಬೇಲಿ ಮುಂದಕ್ಕೆ ತಂದು ನೆಡುತ್ತಾರೆ. 2015ರಲ್ಲಿ ಹಾಗೆ ನೆಟ್ಟಾಗ ಬಾಕು-ಸುಪ್ಸಾ ತೈಲ ಪೈಪಿನ ಒಂದೂವರೆ ಕಿಲೋಮೀಟರಿನಷ್ಟು ಭಾಗ ಬೇಲಿಯ ಆಚೆಗೆ ಹೋಯಿತು. ಇದನ್ನೆಲ್ಲ ಕಾಯಲು, ಅಂದರೆ ನೋಡಿ ಬರೆದುಕೊಳ್ಳಲು, ಯುರೋಪಿಯನ್ ಒಕ್ಕೂಟದ ವೀಕ್ಷಕರು 2008ರ ಅಕ್ಟೋಬರಿನಿಂದ ಇದ್ದಾರೆ. ಅವರ ಹತ್ತಿರ ಬಂದೂಕಿಲ್ಲ. ರೇಖೆಯ ಆಚೆಗೆ ಬಿಡುವುದೂ ಇಲ್ಲ. ನೀಲಿ ಗುರುತಿನ ಅವರ ಜೀಪೊಂದು ನಮ್ಮನ್ನು ದಾಟಿ ಹೋಯಿತು.

"ಇವರಿಂದ ಏನು ಉಪಯೋಗ ಮೇಷ್ಟ್ರೇ?" ಅಂದೆ.

"ಅವರು ಬಂದ ಮೇಲೆ ಯುದ್ಧ ಆಗಿಲ್ಲ. ಅವರಿಂದಲೇ ಆಗಿಲ್ಲವೋ, ಸುಮ್ಮನೆ ಆಗಿಲ್ಲವೋ, ಲ್ಯಾಬಿನಲ್ಲಿ ಪ್ರಯೋಗ ಮಾಡಿ ನೋಡೋಕಾಗಲ್ಲ."

ಗೋರಿ ಸ್ಟಾಲಿನ್ ಹುಟ್ಟಿದ ಊರು. ಅವನ ಮ್ಯೂಸಿಯಂ ಇದೆ, ಓಡಾಡುತ್ತಿದ್ದ ರೈಲ್ವೆ ಬೋಗಿಯೂ ಇದೆ. ಚೌಕದಲ್ಲಿದ್ದ ದೊಡ್ಡ ಪ್ರತಿಮೆಯನ್ನು 2010ರ ಜೂನ್‌ನಲ್ಲಿ ರಾತ್ರಿ ಹೊತ್ತು ಇಳಿಸಿದರು. ಮ್ಯೂಸಿಯಂ ಒಳಗೆ ಕೊಂದವರ ಲೆಕ್ಕಕ್ಕಿಂತ ಅವನಿಗೆ ಬಂದ ಉಡುಗೊರೆಗಳ ಲೆಕ್ಕವೇ ಜಾಸ್ತಿ. ನಾನು ಬೇಗ ಹೊರಗೆ ಬಂದೆ.

ಸಂಜೆ ಮೇಷ್ಟ್ರು 90ರ ದಶಕದ ಕಥೆ ಹೇಳಿದರು. ಆಗ ಕೂಪನ್ ಎಂಬ ತಾತ್ಕಾಲಿಕ ನೋಟು. ಬೆಳಗ್ಗೆ ಒಂದು ಬೆಲೆ, ಸಂಜೆ ಇನ್ನೊಂದು. ಐಎಂಎಫ್ ನೆರವಿನಲ್ಲಿ 1995ರಲ್ಲಿ ಲಾರಿ ಎಂಬ ಹೊಸ ಹಣ ತಂದಾಗ 10 ಲಕ್ಷ ಕೂಪನ್‌ಗೆ ಒಂದು ಲಾರಿ ಕೊಟ್ಟರಂತೆ. "ನಾನು ಒಂದು ರಾತ್ರಿಯಲ್ಲಿ ಕೋಟ್ಯಧಿಪತಿಯಿಂದ ಬಡವನಾದೆ, ಆದರೆ ಬ್ರೆಡ್ ಸಿಗತೊಡಗಿತು" ಅಂತ ನಕ್ಕರು. 2025ರ ಮೇ ತಿಂಗಳಲ್ಲಿ ಒಂದು ಲಾರಿಗೆ ಸುಮಾರು 31 ರೂಪಾಯಿ ಇತ್ತು. ಆ ಹಣ ಇವತ್ತಿಗೂ ಗಟ್ಟಿಯಾಗಿ ನಿಂತಿದೆ. ಸಹಾಯ ಅನ್ನುವುದು ಕಣ್ಣಿಗೆ ಕಾಣದ ಹಾಗೆ ಕೆಲಸ ಮಾಡಿದ ಉದಾಹರಣೆ ಇದೇ ಇರಬೇಕು.

ಶುಕ್ರವಾರ, ರಿಕೋಟಿ ಘಾಟಿ ದಾಟಿ ಕುತೈಸಿಗೆ

ಪೂರ್ವ ಮತ್ತು ಪಶ್ಚಿಮ ಜಾರ್ಜಿಯಾದ ನಡುವೆ ರಿಕೋಟಿ ಘಾಟಿ. ಅಲ್ಲಿ ಹೊಸ ಹೆದ್ದಾರಿ. ಸುಮಾರು 52 ಕಿಲೋಮೀಟರ್ ದೂರದಲ್ಲಿ 96 ಸೇತುವೆ, 53 ಸುರಂಗ. ಶಿರಾಡಿ ಘಾಟಿಯಲ್ಲಿ ಜೀವಮಾನವೆಲ್ಲ ಓಡಾಡಿದ ನನಗೆ ಹೊಟ್ಟೆ ಉರಿಯಿತು ಅಂದರೆ ತಪ್ಪಿಲ್ಲ. ದುಡ್ಡು ವಿಶ್ವಬ್ಯಾಂಕ್, ಏಷ್ಯನ್ ಅಭಿವೃದ್ಧಿ ಬ್ಯಾಂಕ್, ಯುರೋಪಿಯನ್ ಹೂಡಿಕೆ ಬ್ಯಾಂಕುಗಳ ಸಾಲ. ಕಟ್ಟಿದ್ದು ಬಹುಪಾಲು ಚೀನಾದ ಕಂಪನಿಗಳು. ಬೋರ್ಡುಗಳಲ್ಲಿ ಇನ್ನೂ ಚೀನೀ ಅಕ್ಷರಗಳಿವೆ.

ಹಳೇ ರಸ್ತೆಯಲ್ಲಿ ಸುರಾಮಿ ಎಂಬ ಊರು. ನಾಜುಕಿ ಎನ್ನುವ ಸಿಹಿ ಬ್ರೆಡ್ಡನ್ನು ಮಣ್ಣಿನ ಒಲೆಯಲ್ಲಿ ಸುಟ್ಟು ರಸ್ತೆ ಬದಿ ಮಾರುತ್ತಾರೆ. ಮೇಷ್ಟ್ರು ಬೇಕೆಂದೇ ಆ ಕಡೆ ತಿರುಗಿಸಿದರು. ದಾಲ್ಚಿನ್ನಿ, ಒಣದ್ರಾಕ್ಷಿ ಹಾಕಿದ ಬಿಸಿಬಿಸಿ ಬ್ರೆಡ್. ಮಾರುವ ಹೆಂಗಸರು ಕಾರು ಕಂಡರೆ ರಸ್ತೆಗೇ ಬಂದು ಕೈಬೀಸುತ್ತಾರೆ. ಹೊಸ ರಸ್ತೆ ಪೂರ್ತಿಯಾದ ಮೇಲೆ ಇಲ್ಲಿ ನಿಲ್ಲುವವರು ಕಡಿಮೆ ಎಂದು ಗೊಣಗಿದರು.

ಕಾರಿನಲ್ಲಿ ಮೇಷ್ಟ್ರ ತಮ್ಮನ ವಿಷಯ ಬಂತು. ಹಳ್ಳಿಯಲ್ಲಿ ಜಮೀನಿನ ಗಡಿ ತಕರಾರು. ದಾಖಲೆ ಸರ್ವಿಸ್ ಹಾಲ್‌ನಲ್ಲಿ ಒಂದೇ ದಿನಕ್ಕೆ ಸಿಕ್ಕಿತು. ಕೋರ್ಟಿನಲ್ಲಿ ಕೇಸು ವರ್ಷಗಳಿಂದ ಬಿದ್ದಿದೆ. ಎದುರುಗಡೆಯವನಿಗೆ ಆಳುವ ಪಕ್ಷದವರ ಪರಿಚಯ ಇದೆಯಂತೆ. ಇಷ್ಟು ಕೇಳಿದ ಮೇಲೆ ನನಗೆ ವಕೀಲೆ ಬುಧವಾರ ಹೇಳಿದ್ದು ಅರ್ಥವಾಯಿತು. ಇದು ನನ್ನ ಕಚೇರಿಯ ಕಥೆಯೇ.

ಸುಧಾರಣೆಯಲ್ಲಿ ಫೋಟೊ ತೆಗೆಯಲು ಆಗುವ ಕೆಲಸಗಳು ಮೊದಲು ಆದವು. ಪೊಲೀಸ್, ಪಾಸ್‌ಪೋರ್ಟ್, ತೆರಿಗೆ, ರಸ್ತೆ. ನ್ಯಾಯಾಲಯ ಆಗಲಿಲ್ಲ. ಸಾಕಶ್ವಿಲಿ ಕಾಲದಲ್ಲಿ ಕೋರ್ಟಿಗೆ ಹೋದ ಕ್ರಿಮಿನಲ್ ಕೇಸಿನಲ್ಲಿ ಖುಲಾಸೆ ಆಗುವವರು ನೂರಕ್ಕೆ ಒಬ್ಬರೂ ಇರಲಿಲ್ಲ. ಜೈಲು ತುಂಬಿ ತುಳುಕಿತು. 2012ರ ಸೆಪ್ಟೆಂಬರಿನಲ್ಲಿ ತ್ಬಿಲಿಸಿಯ ಗ್ಲ್ದಾನಿ ಜೈಲಿನಲ್ಲಿ ಕೈದಿಗಳಿಗೆ ಹಿಂಸೆ ಕೊಡುವ ವಿಡಿಯೊ ಹೊರಬಂತು. ಮುಂದಿನ ತಿಂಗಳ ಚುನಾವಣೆಯಲ್ಲಿ ಸಾಕಶ್ವಿಲಿ ಪಕ್ಷ ಸೋತಿತು. ರಷ್ಯಾದಲ್ಲಿ ದುಡ್ಡು ಮಾಡಿ ಬಂದ ಬಿಲಿಯನೇರ್ ಬಿಡ್ಜಿನಾ ಇವಾನಿಶ್ವಿಲಿಯ ಜಾರ್ಜಿಯನ್ ಡ್ರೀಮ್ ಪಕ್ಷ ಗೆದ್ದಿತು. ಸ್ವತಂತ್ರವಾದ ಮೇಲೆ ಮತದಿಂದಲೇ ಸರ್ಕಾರ ಬದಲಾದದ್ದು ಈ ದೇಶದಲ್ಲಿ ಅದೇ ಮೊದಲು. ಅದೇ ಪಕ್ಷ ಇವತ್ತಿಗೂ ಅಧಿಕಾರದಲ್ಲಿದೆ. ಕೋರ್ಟಿನ ಮೇಲೆ ಹಿಡಿತ ಮಾತ್ರ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಯಿತು ಅನ್ನುತ್ತಾರೆ ಮೇಷ್ಟ್ರು.

ಹೊರಗಿನವರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. 2021ರಲ್ಲಿ ಯುರೋಪಿಯನ್ ಒಕ್ಕೂಟ 7.5 ಕೋಟಿ ಯೂರೊ ಸಾಲಕ್ಕೆ ಷರತ್ತು ಹಾಕಿತ್ತು: ನ್ಯಾಯಾಧೀಶರ ನೇಮಕ ಸರಿಮಾಡಿ. ಆಗಸ್ಟ್ ಕೊನೆಯಲ್ಲಿ ಸರ್ಕಾರ ಆ ಸಾಲವೇ ಬೇಡ ಅಂದುಬಿಟ್ಟಿತು. ಹಿಂದಿನ ಕೋಣೆಯ ಬಾಗಿಲು ತೆರೆಯುವುದಕ್ಕಿಂತ 7.5 ಕೋಟಿ ಯೂರೊ ಬಿಡುವುದೇ ಸುಲಭ ಅನ್ನಿಸಿರಬೇಕು.

ಕುತೈಸಿಯಲ್ಲಿ ದೊಡ್ಡ ಗಾಜಿನ ಗುಮ್ಮಟ ಇದೆ. ಸಂಸತ್ತನ್ನು ರಾಜಧಾನಿಯಿಂದ ಇಲ್ಲಿಗೆ ತರಬೇಕೆಂದು ಸಾಕಶ್ವಿಲಿ ಕಟ್ಟಿಸಿದ್ದು. ಜಾಗಕ್ಕಾಗಿ ಎರಡನೇ ಮಹಾಯುದ್ಧದ ಸ್ಮಾರಕವನ್ನು 2009ರಲ್ಲಿ ಸಿಡಿಮದ್ದಿಟ್ಟು ಉರುಳಿಸಿದರು. ಚೂರುಗಳು ಹಾರಿ ತಾಯಿ ಮತ್ತು ಮಗಳು ಸತ್ತರು. 2019ರಲ್ಲಿ ಸಂಸತ್ತು ತ್ಬಿಲಿಸಿಗೇ ವಾಪಸ್ ಹೋಯಿತು.

ರಾತ್ರಿ ತಂಗಿದ ಮನೆಯ ಅಜ್ಜಿ ಒಬ್ಬರೇ ಇದ್ದರು. ಅವರ ಸೊಸೆ ಇಟಲಿಯಲ್ಲಿ ಮುದುಕರ ಆರೈಕೆ ಮಾಡುತ್ತಾಳೆ, ಮಗ ಪೋಲೆಂಡಿನಲ್ಲಿ. 2017ರ ಮಾರ್ಚ್‌ನಿಂದ ಜಾರ್ಜಿಯಾದವರಿಗೆ ಯುರೋಪಿನ ಶೆಂಗೆನ್ ದೇಶಗಳಿಗೆ ವೀಸಾ ಬೇಡ. ಈ ಊರಿನ ವಿಮಾನ ನಿಲ್ದಾಣದಿಂದ ಅಗ್ಗದ ವಿಮಾನಗಳಿವೆ. ಪ್ರವಾಸಕ್ಕೆ ಅಂತ ಹೋಗುತ್ತಾರೆ, ಕೆಲಸ ಹುಡುಕಿ ಉಳಿಯುತ್ತಾರೆ. ಮೊಮ್ಮಗನನ್ನು ಬೆಳೆಸುತ್ತಿರುವುದು ಅಜ್ಜಿ. ಯುರೋಪ್ ಬೇಕಾ ಅಜ್ಜಿ ಅಂದರೆ "ಬೇಕು, ಇಲ್ಲದಿದ್ದರೆ ನನ್ನ ಮಕ್ಕಳು ಎಲ್ಲಿ ದುಡಿಯಬೇಕು?" ಅಂದರು.

ಶನಿವಾರ, ಎಂಗುರಿ ಮತ್ತು ಅನಾಕ್ಲಿಯಾ

ಜುಗ್ದಿದಿ ದಾಟಿ ಬೆಟ್ಟದ ಕಡೆ ತಿರುಗಿದರೆ ಎಂಗುರಿ ಅಣೆಕಟ್ಟು. 271.5 ಮೀಟರ್ ಎತ್ತರದ ಕಾಂಕ್ರೀಟ್ ಕಮಾನು, ಪ್ರಪಂಚದ ಅತಿ ಎತ್ತರದ ಕಮಾನು ಅಣೆಕಟ್ಟುಗಳಲ್ಲಿ ಒಂದು. ಮೇಲಿಂದ ನೋಡಿದರೆ ತಲೆ ತಿರುಗುತ್ತದೆ.

ಇದರ ಕಥೆ ಕೇಳಿ. ಅಣೆಕಟ್ಟು ಜಾರ್ಜಿಯಾ ಕೈಯಲ್ಲಿದೆ. ನೀರು ಸುರಂಗದಲ್ಲಿ ಹೋಗಿ ಕರೆಂಟ್ ಹುಟ್ಟುವ ಜಾಗ ಜಾರ್ಜಿಯಾದಿಂದ ಬೇರೆಯಾಗಿ ನಿಂತ ಅಬ್ಖಾಜಿಯಾದಲ್ಲಿದೆ. 1992-93ರ ಯುದ್ಧದ ಮೇಲೆ ಅಬ್ಖಾಜಿಯಾ ಜಾರ್ಜಿಯಾ ಮಾತು ಕೇಳುವುದಿಲ್ಲ. ಒಬ್ಬರ ಹತ್ತಿರ ನಲ್ಲಿ, ಇನ್ನೊಬ್ಬರ ಹತ್ತಿರ ಬಲ್ಬು. ಹಾಗಾಗಿ ಇಬ್ಬರೂ ಕಾಗದ ಇಲ್ಲದೆ ಒಪ್ಪಂದ ಮಾಡಿಕೊಂಡರು: ನಲವತ್ತು ಪಾಲು ಅವರಿಗೆ, ಅರವತ್ತು ಇವರಿಗೆ. ಅಲ್ಲಿ ಬಿಟ್‌ಕಾಯಿನ್ ಗಣಿಗಾರಿಕೆ ಶುರುವಾದ ಮೇಲೆ ನಲವತ್ತು ಸಾಲದಾಯಿತು. ರಿಪೇರಿಗೆ ದುಡ್ಡು ಕೊಟ್ಟದ್ದು ಯುರೋಪಿನ ಪುನರ್ನಿರ್ಮಾಣ ಬ್ಯಾಂಕ್ ಮತ್ತು ಯುರೋಪಿಯನ್ ಒಕ್ಕೂಟ. 2021ರಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿ ಸುರಂಗ ಸರಿಮಾಡಿದರು. ಒಬ್ಬರ ಮಾತನ್ನೊಬ್ಬರು ಒಪ್ಪದ ಎರಡು ಕಡೆಯವರೂ ಆ ಕೆಲಸಕ್ಕೆ ಸಹಕರಿಸಬೇಕಾಯಿತು. ಕಾವೇರಿ ಗಲಾಟೆ ನೋಡಿ ಬೆಳೆದ ನನಗೆ ಇದು ಈ ಪ್ರವಾಸದಲ್ಲೇ ಅತಿ ಆಶ್ಚರ್ಯದ ಸಂಗತಿ.

ಮಧ್ಯಾಹ್ನ ಕಪ್ಪು ಸಮುದ್ರದ ದಂಡೆಯ ಅನಾಕ್ಲಿಯಾ. ಇಲ್ಲಿ ಆಳ ಸಮುದ್ರದ ಬಂದರು ಆಗಬೇಕಿತ್ತು. 2016ರಲ್ಲಿ ಅಮೆರಿಕದ ಪಾಲುದಾರರಿದ್ದ ಕೂಟಕ್ಕೆ ಕೊಟ್ಟರು. 2020ರ ಜನವರಿಯಲ್ಲಿ ಸರ್ಕಾರ ಒಪ್ಪಂದ ರದ್ದು ಮಾಡಿತು. 2024ರಲ್ಲಿ ಮತ್ತೆ ಕರೆದಾಗ ಉಳಿದದ್ದು ಚೀನಾ-ಸಿಂಗಪುರ ಕೂಟ ಒಂದೇ. ನಮಗೆ ಕಂಡದ್ದು ಮರಳು, ಗಾಳಿ, ಮುಚ್ಚಿದ ಹೋಟೆಲು, ಅಲೆದಾಡುವ ಹಸುಗಳು. ಹಸುಗಳು ಮಾತ್ರ ನಮ್ಮೂರಿನಷ್ಟೇ ಧೈರ್ಯವಾಗಿ ರಸ್ತೆ ನಡುವೆ ಮಲಗಿದ್ದವು.

ಭಾನುವಾರ, ಬಟೂಮಿ

ಬಟೂಮಿ ಮೋಜಿನ ಊರು. ಕ್ಯಾಸಿನೊ, ಸಮುದ್ರ ದಂಡೆ, ದೋಣಿಯಾಕಾರದ ಚೀಸ್ ಬ್ರೆಡ್ ಖಾಚಾಪುರಿ. ಒಂದು ಗೋಪುರದ ಎತ್ತರದಲ್ಲಿ ತೊಟ್ಟಿಲು ಚಕ್ರ ಅಂಟಿಸಿದ್ದಾರೆ. ಅದು ಅಮೆರಿಕನ್ ಮಾದರಿಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಅಂತ ಕಟ್ಟಿದ್ದಂತೆ. ಕ್ಲಾಸು ನಡೆಯಲೇ ಇಲ್ಲ, ಕಟ್ಟಡ ಮಾರಿದರು.

ನಾನು ಮೆಚ್ಚಿದ್ದು ನೆಲದ ಕೆಳಗಿನ ಕೆಲಸ. ಮೊದಲು ಇಲ್ಲಿ ನಲ್ಲಿ ನೀರು ದಿನಕ್ಕೆ ಕೆಲವೇ ಗಂಟೆ. ಜರ್ಮನಿಯ ಕೆಎಫ್‌ಡಬ್ಲ್ಯು ಬ್ಯಾಂಕಿನ ದುಡ್ಡಿನಲ್ಲಿ ನೀರಿನ ಪೈಪು, ಒಳಚರಂಡಿ ಹೊಸದಾಗಿ ಹಾಕಿದರು. ಈಗ ಇಡೀ ದಿನ ನೀರು. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ 2008ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಇದೇ ಪ್ರಯೋಗ ನಡೆದಿತ್ತು. ಇಡೀ ಊರಿಗೆ ಹರಡಲು ಎಷ್ಟು ವರ್ಷ ಹಿಡಿಯಿತು ಅಂತ ಅಲ್ಲಿನವರನ್ನೇ ಕೇಳಿ.

ಮೇಷ್ಟ್ರು ಇಲ್ಲಿಂದ ವಾಪಸ್ ಹೊರಟರು. ಅವರ ತಮ್ಮನ ಕೇಸಿಗೆ ನಾನು ನಮ್ಮ ಕಡೆಯ ಉಪಾಯ ಒಂದು ಹೇಳಿದೆ: ಎರಡೂ ಕಡೆಯ ಹಿರಿಯರನ್ನು ಕೂರಿಸಿ ರಾಜಿ ಮಾಡಿಕೊಳ್ಳಿ. "ಅದನ್ನು ನಾವು ಸೋವಿಯತ್ ಕಾಲದಿಂದ ಮಾಡ್ತಾ ಇದ್ದೀವಿ" ಅಂದರು.

ಸೋಮವಾರ, ಮತ್ತೆ ತ್ಬಿಲಿಸಿ

ಬೆಳಗ್ಗೆ ರೈಲು ಹತ್ತಿದರೆ ಐದು ಗಂಟೆಯ ದಾರಿ. ಮೇ 26, ಸ್ವಾತಂತ್ರ್ಯ ದಿನ. 1918ರ ಈ ದಿನ ಜಾರ್ಜಿಯಾ ಮೊದಲ ಸಲ ಗಣರಾಜ್ಯವಾಯಿತು. ಮರುವರ್ಷ ಆಯ್ಕೆಯಾದ ಸಭೆಯಲ್ಲಿ ಐವರು ಹೆಂಗಸರಿದ್ದರು. 1921ರಲ್ಲಿ ರೆಡ್ ಆರ್ಮಿ ಬಂತು, ಎಲ್ಲ ಮುಗಿಯಿತು.

ಸಂಜೆ ರುಸ್ತವೇಲಿ ರಸ್ತೆಯ ಸಂಸತ್ತಿನ ಮುಂದೆ ಜನ ಸೇರಿದ್ದರು. ಅದು ಒಂದು ದಿನದ್ದಲ್ಲ. 2024ರ ನವೆಂಬರ್ 28ರಂದು ಪ್ರಧಾನಿ ಕೊಬಾಖಿಡ್ಜೆ, ಯುರೋಪಿಯನ್ ಒಕ್ಕೂಟ ಸೇರುವ ಮಾತುಕತೆ 2028ರ ಕೊನೆಯವರೆಗೆ ಎತ್ತುವುದೇ ಇಲ್ಲ ಎಂದರು. ಆ ರಾತ್ರಿಯಿಂದ ಪ್ರತಿ ದಿನ ಜನ ಬರುತ್ತಿದ್ದಾರೆ. ಇವತ್ತಿಗೆ 180ನೇ ದಿನ. ಯುರೋಪ್ ಸೇರಲು ಎಲ್ಲ ಪ್ರಯತ್ನ ಮಾಡಬೇಕೆಂದು ಸಂವಿಧಾನದ 78ನೇ ವಿಧಿಯಲ್ಲೇ ಬರೆದಿದೆ, ಬರೆಸಿದ್ದು ಇದೇ ಪಕ್ಷ ಅಂತ ಜನರ ಸಿಟ್ಟು. 2023ರ ಡಿಸೆಂಬರಿನಲ್ಲಿ ಅಭ್ಯರ್ಥಿ ದೇಶದ ಸ್ಥಾನವೂ ಸಿಕ್ಕಿತ್ತು.

"ಮಾವ, ಫೋನ್ ಒಳಗಿಡಿ. ರಸ್ತೆಗೆ ಇಳೀಬೇಡಿ, ಫುಟ್‌ಪಾತಲ್ಲೇ ಇರಿ" ಎಂದು ಸೊಸೆ ಕೈ ಹಿಡಿದೇ ಇದ್ದಳು. ಆಗ ರಸ್ತೆ ತಡೆದರೆ ದಂಡ 5 ಸಾವಿರ ಲಾರಿ ಇತ್ತು, ಹತ್ತಿರ ಹತ್ತಿರ ಒಂದೂವರೆ ಲಕ್ಷ ರೂಪಾಯಿ. ಕ್ಯಾಮೆರಾ ಮುಖ ಗುರುತಿಸಿ ಮನೆಗೇ ನೋಟಿಸ್ ಬರುತ್ತದೆ. ಓದಲು ಬಂದ ಮಕ್ಕಳಿಗೆ ವೀಸಾ ಭಯ. ಅವಳು ಹೇಳಿದ್ದು ಸರಿ, ನಾನು ತುಟಿ ಬಿಚ್ಚಲಿಲ್ಲ.

ಸರ್ಕಾರದ ಕಡೆಯವರ ವಾದವನ್ನೂ ಕೇಳಿದೆ, ಟ್ಯಾಕ್ಸಿಯವನೊಬ್ಬ ಹೇಳಿದ. ರಷ್ಯಾ ಪಕ್ಕದಲ್ಲೇ ಇದೆ, ಉಕ್ರೇನ್ ಗತಿ ನೋಡಿ, ಹೊರಗಿನವರ ದುಡ್ಡು ತಿಂದ ಸಂಸ್ಥೆಗಳು ನಮ್ಮನ್ನು ಯುದ್ಧಕ್ಕೆ ತಳ್ಳುತ್ತವೆ ಅಂತ. 2008 ನೋಡಿದವರ ಭಯ ಸುಳ್ಳಲ್ಲ. ಆದರೆ ಹೊರಗಿನ ದುಡ್ಡೇ ವಿಷ ಅನ್ನುವುದಾದರೆ ರಿಕೋಟಿ ರಸ್ತೆ, ಬಟೂಮಿ ನೀರು ಯಾರ ದುಡ್ಡು? ಸರ್ಕಾರಕ್ಕೆ ಬಂದರೆ ಅಭಿವೃದ್ಧಿ, ಸರ್ಕಾರವನ್ನು ಪ್ರಶ್ನೆ ಮಾಡುವವರಿಗೆ ಬಂದರೆ ಪಿತೂರಿ. ಇಷ್ಟು ಸಲೀಸಾದ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ದಾನಿಗಳದ್ದೂ ತಪ್ಪಿದೆ. ಪಟ್ಟಿಯಲ್ಲಿ ಸ್ಥಾನ ಏರುತ್ತಿದ್ದ ವರ್ಷಗಳಲ್ಲಿ ಜೈಲಿನ ಒಳಗೆ ಏನಾಗುತ್ತಿದೆ ಎಂದು ಅವರು ಗಟ್ಟಿಯಾಗಿ ಕೇಳಿದ್ದರೆ, ಇವತ್ತು ಆ ದಾನಿಗಳ ಮಾತಿಗೆ ಇನ್ನಷ್ಟು ತೂಕ ಇರುತ್ತಿತ್ತು.

ರಾತ್ರಿ ಮನೆಗೆ ಬಂದರೆ ವಕೀಲೆ ಅಡುಗೆಮನೆಯ ಮೇಜಿನ ತುಂಬ ಫೈಲು ಹರಡಿಕೊಂಡಿದ್ದಳು. 2024ರ ಮೇ ತಿಂಗಳಲ್ಲಿ ಬಂದ ಕಾನೂನಿನ ಪ್ರಕಾರ, ಆದಾಯದಲ್ಲಿ 20 ಶೇಕಡಾಕ್ಕಿಂತ ಜಾಸ್ತಿ ಹೊರದೇಶದಿಂದ ಬಂದರೆ ಸಂಸ್ಥೆ ವಿದೇಶಿ ಶಕ್ತಿಯ ಪರ ಎಂದು ನೋಂದಾಯಿಸಬೇಕು. ಈ ವರ್ಷದ ಏಪ್ರಿಲ್‌ನಲ್ಲಿ ಮತ್ತೆರಡು ಬಂದವು. ಹೊರಗಿನ ಅನುದಾನಕ್ಕೆ ಸರ್ಕಾರದ ಒಪ್ಪಿಗೆ ಬೇಕು. ವಿದೇಶಿ ಏಜೆಂಟ್ ಎಂದು ನೋಂದಾಯಿಸದಿದ್ದರೆ ಐದು ವರ್ಷದವರೆಗೆ ಜೈಲು, ಅದು ಈ ಶನಿವಾರ, ಮೇ 31ರಿಂದ ಜಾರಿ. ಇತ್ತ ಅಮೆರಿಕ ಸರ್ಕಾರದ ನೆರವಿನ ಸಂಸ್ಥೆ ಯುಎಸ್‌ಏಡ್ ಜನವರಿಯಲ್ಲೇ ಹಣ ನಿಲ್ಲಿಸಿದೆ. ಒಂದು ಕಡೆ ಕೊಡುವವನು ಕೈ ಎತ್ತಿದ, ಇನ್ನೊಂದು ಕಡೆ ತೆಗೆದುಕೊಳ್ಳುವುದು ಅಪರಾಧವಾಯಿತು.

"ಒಪ್ಪಿಗೆಗೆ ಅರ್ಜಿ ಹಾಕ್ತೀರಾ?" ಎಂದು ಕೇಳಿದೆ, ಕಚೇರಿಯವನ ಬುದ್ಧಿ.

"ಜೈಲಿನವರ ಮೇಲೆ ಕೇಸು ಹಾಕಕ್ಕೆ ದುಡ್ಡು ಬೇಕು, ದಯವಿಟ್ಟು ಅನುಮತಿ ಕೊಡಿ ಅಂತ ಸರ್ಕಾರಕ್ಕೇ ಬರೀಲಾ?" ಅಂದಳು.

ಫೈಲುಗಳನ್ನು ಎರಡು ಗುಂಪು ಮಾಡುತ್ತಿದ್ದಳು. ಆಯಾ ಕಕ್ಷಿದಾರರಿಗೆ ವಾಪಸ್ ಕೊಡಬೇಕಾದದ್ದು ಒಂದು, ಸಂಬಳ ಇಲ್ಲದಿದ್ದರೂ ತಾನೇ ನಡೆಸಬಹುದಾದದ್ದು ಇನ್ನೊಂದು. ಜಾರ್ಜಿಯನ್ ಅಕ್ಷರ ನನಗೆ ಬರುವುದಿಲ್ಲ, ನಂಬರ್ ಬರುತ್ತದೆ. ಕೇಸ್ ನಂಬರ್ ಪ್ರಕಾರ ಜೋಡಿಸಿ ದಾರ ಕಟ್ಟುವುದು ನನ್ನ ಹಳೇ ಕಸುಬು. ಸೊಸೆ ಟೀ ಮಾಡಿದಳು, ಹನ್ನೆರಡರವರೆಗೆ ಕಟ್ಟಿದೆವು.